ಸೋಲನ್ನು ಬಲ್ಲ ಗುರು

ಸೋತವರಿಗೆ ಗುರುವಾಗುವುದು ಗೆದ್ದವರಿಗೆ ಗುರುವಾದಷ್ಟು ಸುಲಭವಲ್ಲ. 2018ರ ಮಾರ್ಚ್ 17ರಂದು ಬೆಂಗಳೂರು ಎಫ್.ಸಿ. ಕಾಲ್ಚೆಂಡು ತಂಡವು ಕಂಠೀರವ ಕ್ರೀಡಾಂಗಣದಲ್ಲಿ, ತನ್ನವರ ಕಣ್ಣೆದುರಿಗೇ, ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವನ್ನು ಚೆನ್ನೈಯಿನ್ ತಂಡಕ್ಕೆ 3-2ರಿಂದ ಒಪ್ಪಿಸಿತು. ತರಬೇತುದಾರ ಆಲ್ಬರ್ಟ್ ರೋಕಾ ತೆರಳಿದರು. ಅವರ ಸಹಾಯಕರಾಗಿದ್ದ ಸ್ಪೇನಿನ ಕಾರ್ಲೆಸ್ ಕ್ವಾದ್ರಾತ್ ಆ ಪೀಠವೇರಿದರು. ಸ್ಥಾನ ಹೊಸದು, ಸೋಲು ಮಾತ್ರ ಅವರು ಕೂಡಿಯೇ ಉಂಡದ್ದು.

ಮುಂದಿನ ಋತುವಿನಲ್ಲಿ ತಂಡ ಲೀಗಿನ ಅಗ್ರಸ್ಥಾನಕ್ಕೇರಿತು. ಉಪಾಂತ್ಯದ ಮೊದಲ ಪಂದ್ಯವನ್ನು ಗುವಾಹಟಿಯಲ್ಲಿ 2-1ರಿಂದ ಸೋತು, ತವರಿನಲ್ಲಿ 3-0ರಿಂದ ಗೆದ್ದಿತು. 2019ರ ಮಾರ್ಚ್ 17, ಅದೇ ತಾರೀಖು! ಮುಂಬಯಿಯಲ್ಲಿ ಗೋವಾ ತಂಡದೆದುರು ತೊಂಬತ್ತು ನಿಮಿಷವೂ ಗೋಲಿಲ್ಲ. ಹೆಚ್ಚುವರಿ ವೇಳೆಯೂ ತೀರುತ್ತ ಬಂದಾಗ ರಾಹುಲ್ ಭೇಕೆ ಚೆಂಡನ್ನು ತಲೆಯಿಂದ ಬಲೆಗೆ ಹೊಡೆದರು. ಪ್ರಶಸ್ತಿ ಬೆಂಗಳೂರಿಗೆ ಬಂದಿತು.

ಕನ್ನಡದ ಮೇಷ್ಟರಿಗೆ ಕಾಲ್ಚೆಂಡಿನ ಗೊಡವೆಯೇಕೆಂದು ಓದುಗರು ನಗಬಾರದು. ಜನ್ನಾಪುರದ ನಮ್ಮ ಜಗುಲಿಗೆ ಸಂಜೆ ಆರು ಹುಡುಗರು ಬರುತ್ತಾರೆ. ಆರೂ ಮಂದಿ ಕನ್ನಡದಲ್ಲಿಯೇ ಅನುತ್ತೀರ್ಣರು. ಒಬ್ಬನ ತಂದೆ ಮುಂದೆ ಓದಿಸಲಾರೆನೆಂದು ಹೇಳಿಯೂ ಬಿಟ್ಟಿದ್ದಾರೆ. ಹೊಸ ಪಾಠಕ್ಕೆ ಮೊದಲು ಅವರ ಹಳೆಯ ಉತ್ತರಗಳನ್ನೇ ಕೂಡಿ ಓದುತ್ತಿದ್ದೇವೆ. ಪೂರಕ ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿದೆ. ಹೆಚ್ಚುವರಿ ವೇಳೆಯೂ ವೇಳೆಯೇ ಅಲ್ಲವೆ?