ಬುಷ್ಷಿನ ಭಾನುವಾರ

ನಮ್ಮ ಕೊರಟಗೆರೆ ಕಡೆಯ ಕಾರುಗಳಿಗೆ ಮೊದಲು ವಯಸ್ಸಾಗುವುದು ಸ್ಟೇರಿಂಗಿನಲ್ಲಿ ಎಂದು ನಾನು ಬಹಳ ದಿನದಿಂದ ನಂಬಿದ್ದೇನೆ. ಎಂಜಿನ್ ಗಟ್ಟಿಮುಟ್ಟಾಗಿರುತ್ತದೆ, ಬಣ್ಣವೂ ಅಷ್ಟಾಗಿ ಮಾಸಿರುವುದಿಲ್ಲ, ಆದರೆ ಹಂಪ್ ಇಳಿಯುವಾಗ ಅಂಗೈಗೆ ‘ಟಕ್’ ಅಂತ ಒಂದು ಏಟು ತಗಲುತ್ತದೆ. ತಗಲದೆ ಏನು ಮಾಡೀತು? ಮಧುಗಿರಿ ರಸ್ತೆ ಬಿಟ್ಟು ಗೊರವನಹಳ್ಳಿಗೋ ಹೊಳವನಹಳ್ಳಿಗೋ ಅಕ್ಕಿರಾಂಪುರಕ್ಕೋ ತಿರುಗಿ ನೋಡಿ, ಊರು ಬರುವ ಮೊದಲೇ ಹಂಪ್ ಬರುತ್ತದೆ. ಬರಲೇಬೇಕು ಬಿಡಿ. ಅಕ್ಕಿರಾಂಪುರದ ಕುರಿ ಸಂತೆಯ ದಿನ ಆ ದಾರಿಯಲ್ಲಿ ಹೋದವರಿಗೆ ಹಂಪಿನ ಬೆಲೆ ಗೊತ್ತು. ಕುರಿ, ಮೇಕೆ, ಅವನ್ನು ತುಂಬಿಕೊಂಡ ಲಗೇಜ್ ಆಟೋ, ಕೊಂಡ ಮರಿಯನ್ನು ಬೈಕಿನಲ್ಲಿ ಮುಂದೆ ಕೂರಿಸಿಕೊಂಡವರು, ಇವರೆಲ್ಲರ ನಡುವೆ ಕಾರು ಕಾಲುನಡಿಗೆಯಲ್ಲೇ ಸಾಗಬೇಕು. ಕಾರಿನ ಚಕ್ರಕ್ಕಿಂತ ಕುರಿಮರಿಯ ಜೀವ ದೊಡ್ಡದು.

ಹೇಳಹೊರಟದ್ದು ಆ ‘ಟಕ್’ಗೆ ಕಾರಣವಾಗುವ ಸ್ಟೇರಿಂಗಿನ ರಬ್ಬರ್ ಬುಷ್ಷಿನ ವಿಚಾರ. ನನ್ನದು ಮಾರುತಿ 800. ಆ ಹೆಸರು ಬಾಯಿಗೆ ಬಂದ ಮೇಲೆ ನಾಲ್ಕು ಮಾತಾಡದೆ ಮುಂದಕ್ಕೆ ಹೋಗಲು ನನಗೆ ಮನಸ್ಸು ಬಾರದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈ ಕೊಟ್ಟರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರೂ ನಿಂತುಹೋಯಿತು. ಒಂದೇ ವರ್ಷದಲ್ಲಿ ಎರಡು ಹಿರಿಯ ಜೀವಗಳು! ನನ್ನ 800ರದ್ದು 796 ಸಿಸಿ, ಮೂರು ಸಿಲಿಂಡರು, ಬಾನೆಟ್ ಎತ್ತಿದರೆ ಕೈಯಾಡಿಸಲು ಬೇಕಾದಷ್ಟು ಜಾಗ. ಈಗಿನ ಕಾರುಗಳ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ಕಿನ ಮುಚ್ಚಳ. ಕೈಹಾಕಬೇಡ ಅಂದ ಹಾಗಿರುತ್ತದೆ. ಮನೆಯಲ್ಲೇ ಬಿಚ್ಚಿ ಕಟ್ಟಬಹುದಾದ ಕಾರೆಂದರೆ ನನಗೆ ಪ್ರೀತಿ, ಅದಕ್ಕೇ ಮಾರಿಲ್ಲ.

ಈ ಕಾರಿನ ಎಂಜಿನ್ನಿನ ಹಿಂದೆ ಒಂದು ಉದ್ದನೆಯ ಕೊಳವೆ ಅಡ್ಡಕ್ಕೆ ಮಲಗಿರುತ್ತದೆ. ಅದರೊಳಗೆ ಹಲ್ಲು ಕೊರೆದ ಸರಳು, ಅದೇ ರ‍್ಯಾಕ್. ಸ್ಟೇರಿಂಗ್ ತಿರುಗಿಸಿದರೆ ಪಿನಿಯನ್ ಎಂಬ ಪುಟ್ಟ ಹಲ್ಲುಗಾಲಿ ತಿರುಗಿ ಸರಳನ್ನು ಎಡಕ್ಕೋ ಬಲಕ್ಕೋ ತಳ್ಳುತ್ತದೆ, ಸರಳು ಟೈರಾಡನ್ನು ತಳ್ಳುತ್ತದೆ, ಟೈರಾಡು ಚಕ್ರವನ್ನು ತಿರುಗಿಸುತ್ತದೆ. ಒಳಗಿನ ಸರಳು ಸರಿಯಬೇಕು, ಹೊರಗಿನ ಕೊಳವೆ ಮಾತ್ರ ಅಲುಗಕೂಡದು. ಅದಕ್ಕಾಗಿ ಕೊಳವೆಗೆ ರಬ್ಬರಿನ ಬುಷ್ ತೊಡಿಸಿ, ಮೇಲೆ ಬ್ರಾಕೆಟ್ ಹಾಕಿ, ಬೋಲ್ಟು ಬಿಗಿದಿರುತ್ತಾರೆ. ಎಂಜಿನ್ನಿನ ಕಾವಿಗೆ ರಬ್ಬರು ಒಣಗುತ್ತದೆ, ಸೋರಿದ ಆಯಿಲ್ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ, ಹಳ್ಳ ಹಾರಿದಾಗಲೆಲ್ಲ ಏಟನ್ನು ತಾನೇ ತಿನ್ನುತ್ತದೆ. ಸವೆದ ಮೇಲೆ ಇಡೀ ಕೊಳವೆಯೇ ಓಲಾಡತೊಡಗುತ್ತದೆ. ನಾವು ಸ್ಟೇರಿಂಗ್ ತಿರುಗಿಸಿದ್ದರಲ್ಲಿ ಒಂದಿಷ್ಟು ಆ ಓಲಾಟಕ್ಕೇ ಖರ್ಚಾಗಿ, ಚಕ್ರಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ. ಕೊಳವೆಯ ಒಳಗೂ ಪಿನಿಯನ್ ಇಲ್ಲದ ತುದಿಯಲ್ಲಿ ಇನ್ನೊಂದು ಬುಷ್ ಉಂಟು. ಅದು ಸವೆದರೆ ಸರಳೇ ಕುಣಿಯುತ್ತದೆ, ರ‍್ಯಾಕನ್ನೇ ಇಳಿಸಬೇಕಾಗುತ್ತದೆ. ಅದು ಬೇರೆ ಪುರಾಣ.

ಪರೀಕ್ಷೆ ಸುಲಭ. ಕಾರು ನೆಲದ ಮೇಲೇ ನಿಂತಿರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಚೂರು ಎಡಕ್ಕೆ, ಚೂರು ಬಲಕ್ಕೆ ಆಡಿಸಬೇಕು, ಇನ್ನೊಬ್ಬರು ಟಾರ್ಚು ಬಿಟ್ಟು ಬುಷ್ಷನ್ನೇ ದಿಟ್ಟಿಸಬೇಕು. ಪಕ್ಕದ ಮನೆಯ ಹುಡುಗನನ್ನು ಕೂರಿಸಿದ್ದೆ. ಸ್ಟೇರಿಂಗ್ ಕೈಗೆ ಸಿಕ್ಕ ಖುಷಿಗೆ ಅವನು ಪೂರ್ತಿ ತಿರುಗಿಸತೊಡಗಿದ. ‘ಮೆಲ್ಲಗೆ ಕಣೋ’ ಅಂದೆ. ಮೆಲ್ಲಗೆ ಆಡಿಸಿದಾಗ ಕಂಡಿತು: ಬ್ರಾಕೆಟ್ ನಿಂತಲ್ಲೇ ನಿಂತಿದೆ, ಕೊಳವೆ ಅದರೊಳಗೆ ಅತ್ತಿತ್ತ ಸರಿಯುತ್ತಿದೆ, ಬುಷ್ಷಿನ ಅಂಚು ಬಿರಿದು ಕರಿಯ ಪುಡಿ ಅಲ್ಲೇ ಮೆತ್ತಿಕೊಂಡಿದೆ. ಎಷ್ಟು ಚಿಕ್ಕ ಸಾಮಾನು, ಎಷ್ಟು ದೊಡ್ಡ ಭಾರ ಹೊತ್ತಿತ್ತು!

ರಬ್ಬರು ಅಂದರೆ ನನಗೆ ಸುಳ್ಯ ನೆನಪಾಗುತ್ತದೆ. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿಯವರೂ ಶ್ರೀಲಂಕಾದ ಪ್ರಧಾನಿ ಸಿರಿಮಾವೋ ಅವರೂ ಮಾಡಿಕೊಂಡ ಒಪ್ಪಂದದ ಮೇಲೆ ಆ ದೇಶದ ಚಹಾ ತೋಟಗಳಿಂದ ತಮಿಳು ಕೂಲಿಕಾರರು ಹಡಗು ಹತ್ತಿ ಬಂದರಲ್ಲ, ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಕಡೆ ಸರ್ಕಾರ ರಬ್ಬರ್ ತೋಟ ಎಬ್ಬಿಸಿ ಕೆಲಸ ಕೊಟ್ಟಿತು. ಬೆಳಕು ಹರಿಯುವ ಹೊತ್ತಿಗೆ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಕೆಲಸ. ಆ ಹಾಲು ಹಾಗೇ ಹೆಪ್ಪುಗಟ್ಟಿದರೆ ಬಿಸಿಲಿಗೆ ಅಂಟುತ್ತದೆ, ಚಳಿಗೆ ಸೆಟೆಯುತ್ತದೆ. ಗಂಧಕ ಸೇರಿಸಿ ಬೇಯಿಸಿ ಅದನ್ನು ಹದಕ್ಕೆ ತಂದು, 1844ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಇಷ್ಟೆಲ್ಲ ಜನರ ಬೆವರು ಸೇರಿದ ವಸ್ತು ಒಂದು ಹಿಡಿಯೊಳಗೆ ಅಡಗುತ್ತದೆ.

ಭಾನುವಾರ ಬೆಳಗ್ಗೆ ಹೊಂಗೆ ಮರದ ನೆರಳಿಗೆ ಕಾರು ತಂದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಸ್ಟ್ಯಾಂಡ್ ನಿಲ್ಲಿಸಿದೆ. ಇದೊಂದು ಮಾತು ಕಿವಿಗೆ ಹಾಕಿಕೊಳ್ಳಿ: ಬರೀ ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ತಲೆ ಹಾಕಬಾರದು. ಅವಸರದಲ್ಲೂ ಬೇಡ, ಒಂದೇ ನಿಮಿಷದ ಕೆಲಸಕ್ಕೂ ಬೇಡ.

ಬಾನೆಟ್ ಎತ್ತಿದರೆ ಸಾಕು, ನಮ್ಮ ಕೇರಿಯಲ್ಲಿ ಜನಕ್ಕೆ ಬರವಿಲ್ಲ. ಹಾಲು ಹಾಕಿ ಬರುತ್ತಿದ್ದವರು ನಿಂತರು, ಪೇಪರು ಹಿಡಿದ ಮೇಷ್ಟ್ರು ನಿಂತರು, ಊರುಗೋಲಿನ ಅಜ್ಜ ಬಂದು ಜಗಲಿ ಹಿಡಿದರು. ‘ಏನಾಗೈತಪ್ಪ ಗಾಡಿಗೆ?’ ‘ಬುಷ್ ಹೋಗೈತೆ ತಾತ.’ ‘ಬುಸ್ಸಾ? ನಮ್ ಎತ್ತಿನ ಗಾಡೀಗೂ ಇತ್ತಲ್ಲಪ್ಪ ಬುಸ್ಸು!’ ಇತ್ತು, ನಿಜ. ಗಾಡಿಯ ಗುಂಬದೊಳಗೆ ಎರಕದ ಕಬ್ಬಿಣದ ಬುಷ್ ಕೂರಿಸುತ್ತಿದ್ದರು, ಅಚ್ಚು ಅದರೊಳಗೆ ತಿರುಗುತ್ತಿತ್ತು. ಅಲ್ಲಿಂದ ಮಾತು ಕೀಲೆಣ್ಣೆಗೆ ಹೋಯಿತು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಅರೆದು ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿಗೆ ನೇತುಹಾಕುತ್ತಿದ್ದದ್ದು, ಮಧುಗಿರಿ ಸಂತೆಗೆ ರಾತ್ರಿಯೇ ಗಾಡಿ ಕಟ್ಟುತ್ತಿದ್ದದ್ದು, ಎಣ್ಣೆ ಕಾಣದ ಗಾಡಿಯ ಕಿರ್ ಸದ್ದಿಗೇ ಯಜಮಾನ ಯಾರೆಂದು ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದದ್ದು. ಅಷ್ಟು ಹೊತ್ತೂ ನಾನು ಸ್ಪ್ಯಾನರ್ ಕೈಯಲ್ಲೇ ಹಿಡಿದು ಕೇಳುತ್ತಿದ್ದೆ. ಗ್ಯಾರೇಜಿಗೆ ಬಿಟ್ಟಿದ್ದರೆ ಈ ಕತೆ ಸಿಗುತ್ತಿತ್ತೇ?

ಕೆಲಸವೇನೂ ದೊಡ್ಡದಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಡಬ್ಲ್ಯುಡಿ-40 ಹೊಡೆದು ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟರೆ ಅದೇ ಸಡಿಲವಾಗುತ್ತದೆ. ಬ್ರಾಕೆಟ್ ತೆಗೆದು, ಹಳೆಯ ಬುಷ್ಷನ್ನು ಕತ್ತರಿಸಿ ಎಳೆದು, ಕೊಳವೆಯನ್ನು ಬಟ್ಟೆಯಲ್ಲಿ ಒರೆಸಿದೆ. ಹೊಸದಕ್ಕೆ ಒಂದು ಕಡೆ ಸೀಳು ಇತ್ತು, ಟೈರಾಡು ಬಿಚ್ಚದೆಯೇ ಅಗಲಿಸಿ ತೊಡಿಸಬಹುದು. ಜಾರಲೆಂದು ಸೋಪಿನ ನೀರು ಸವರಿದೆ. ಗ್ರೀಸು ಹಚ್ಚಿದರೆ ರಬ್ಬರು ಬೇಗ ಹಾಳು. ಎರಡು ಬೋಲ್ಟನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರೆ ಬ್ರಾಕೆಟ್ ಸೊಟ್ಟಗೆ ಕೂರುವುದಿಲ್ಲ. ಮತ್ತೆ ಹುಡುಗನನ್ನು ಕೂರಿಸಿ ಆಡಿಸಿದಾಗ ಕೊಳವೆ ಮಿಸುಕಲಿಲ್ಲ. ‘ಈಗ ಗಟ್ಟಿ ಆತು’ ಎಂದು ಅಜ್ಜನೇ ಸರ್ಟಿಫಿಕೇಟು ಕೊಟ್ಟರು.

ಹೊಸ ರಬ್ಬರು ಒತ್ತಿ ಕೂರಬೇಕು, ಒಂದಷ್ಟು ದೂರ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡುವುದು ಒಳ್ಳೆಯದು. ತುಮಕೂರಿಗೆ ಹೋದಾಗ ಅಲೈನ್‌ಮೆಂಟನ್ನೂ ನೋಡಿಸಬಹುದು, ಅದಕ್ಕೆ ಅವಸರವಿಲ್ಲ. ಓಡಿಸಿ ನೋಡಲು ಸಿದ್ಧರಬೆಟ್ಟದ ದಾರಿಯೇ ಸರಿ ಎಂದು ಮೇಷ್ಟ್ರು ತೀರ್ಮಾನಿಸಿದರು. ಅಲ್ಲಿಯವರೆಗೆ ಹೋದ ಮೇಲೆ ಬೆಟ್ಟ ಹತ್ತದೆ, ಗುಹೆಯೊಳಗಿನ ಸಿದ್ಧೇಶ್ವರನ ದರ್ಶನ ಮಾಡದೆ, ಅಲ್ಲಿನ ತಣ್ಣನೆಯ ನೀರು ಕುಡಿಯದೆ ಬರುವುದುಂಟೇ? ಮೇಷ್ಟ್ರಿಗೆ ಆ ಬೆಟ್ಟದ ಗಿಡಮೂಲಿಕೆಗಳ ಹೆಸರೆಲ್ಲ ಬಾಯಿಗೆ ಬರುತ್ತದೆ. ಒಂದೊಂದು ಗಿಡಕ್ಕೂ ಒಂದೊಂದು ಕತೆ ಇದೆಯಂತೆ, ಸಂಜೆಯಾದರೂ ಮುಗಿಯುವುದಿಲ್ಲ. ನಾನು ಕೈ ತೊಳೆದು ಬರುವಷ್ಟರಲ್ಲಿ ಹುಡುಗ ಹಿಂದಿನ ಸೀಟಿನಲ್ಲಿ ಜಾಗ ಹಿಡಿದಾಗಿತ್ತು.