ಬೀದರಿಗೆ ಬಂದ ಪರದೇಶಿ

ಔರಾದಿನ ಅಮರೇಶ್ವರನ ದರ್ಶನ ಮುಗಿಸಿ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದಾಗ ಆ ಮನೆಯ ತಾಯಿ ನನ್ನ ಮುಂದೆ ಒಂದು ಸಂಕಟವನ್ನು ತೋಡಿಕೊಂಡರು. “ಮಗ ಕೊರಿಯಾದಾಗ ಅದಾನ್ರಿ. ಕೆಲಸ ಮುಗಿದ ಮ್ಯಾಲ ಅಲ್ಲಿ ಮಂದಿ ಕೂಡ ಹಾಡಾಕ ಹೋಗ್ತಾನಂತ್ರಿ. ಶಾಸ್ತ್ರಿಗಳೇ, ಅವನ ಕೊರಳಾಗಿನ ಲಿಂಗ ಉಳೀತದೇನ್ರಿ?”

ಬಹಳ ವರ್ಷಗಳ ಹಿಂದೆ ಇಂಥದೇ ಪ್ರಶ್ನೆ ಕೇಳಿದ ತಂದೆಯೊಬ್ಬರಿಗೆ ‘ಕಳಿಸಬೇಡಿ’ ಎಂದು ಥಟ್ಟನೆ ಹೇಳಿಬಿಟ್ಟಿದ್ದೆ. ಹುಡುಗ ಹೋಗಲಿಲ್ಲ, ಅವನ ಬಾಡಿದ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಆದುದರಿಂದ ಈ ಸಲ ಅವಸರಪಡಲಿಲ್ಲ. “ಯೋಚಿಸಿ ಹೇಳುತ್ತೇನೆ ತಾಯಿ” ಎಂದು ಬೀದರಿನ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಬೀದರಿನ ಕೋಟೆಯೊಳಗೆ ಸಂಚರಿಸುತ್ತಿರುವಾಗ ಒಬ್ಬ ಪರದೇಶಿಯ ನೆನಪಾಯಿತು. ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ, ಬಹಮನಿ ಸುಲ್ತಾನ ಮೂರನೆಯ ಮುಹಮ್ಮದನ ಕಾಲದಲ್ಲಿ, ಈತ ಈ ನಗರದಲ್ಲಿ ವಾಸವಾಗಿದ್ದ. ಹೊರಟ ಹೊಸದರಲ್ಲಿಯೇ ವೋಲ್ಗಾ ನದಿಯ ಕೊನೆಯಲ್ಲಿ ದರೋಡೆಕೋರರು ಅವನ ಸರಕನ್ನೂ ಧರ್ಮಗ್ರಂಥಗಳನ್ನೂ ದೋಚಿದ್ದರು. ಹೊರ್ಮುಜ್‌ನಿಂದ ಒಂದು ಕುದುರೆಯೊಡನೆ ಹಡಗೇರಿ ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನ ಖಾನನು ಆ ಕುದುರೆಯನ್ನು ಕಸಿದುಕೊಂಡು, ‘ನಮ್ಮ ಮತಕ್ಕೆ ಬಂದರೆ ಕುದುರೆಯ ಜೊತೆಗೆ ಸಾವಿರ ಹೊನ್ನು’ ಎಂದು ನಾಲ್ಕು ದಿನಗಳ ಗಡುವು ಕೊಟ್ಟ. ಆಗ ಖುರಾಸಾನದ ಮುಸಲ್ಮಾನನೊಬ್ಬನೇ ಮಧ್ಯೆ ಬಂದು ಅವನ ಕುದುರೆಯನ್ನೂ ಧರ್ಮವನ್ನೂ ಉಳಿಸಿಕೊಟ್ಟನು. ಆ ಕುದುರೆ ಮಾರಾಟವಾದದ್ದು ನಮ್ಮ ಬೀದರಿನಲ್ಲಿ.

ಅರಮನೆಗೆ ಏಳು ಬಾಗಿಲುಗಳು, ಬಾಗಿಲಿಗೆ ನೂರು ಕಾವಲುಗಾರರು, ಬಂದುಹೋಗುವವರ ಹೆಸರು ಬರೆಯಲು ನೂರು ಲೇಖಕರು ಎಂದು ಅವನು ಬರೆದಿದ್ದಾನೆ. ಸುಲ್ತಾನನು ವಿನೋದಕ್ಕಾಗಿ ಹೊರಟರೆ ಹತ್ತು ಸಾವಿರ ಕುದುರೆ ಸವಾರರು, ಐವತ್ತು ಸಾವಿರ ಕಾಲಾಳು, ಚಿನ್ನದ ಮುಲಾಮಿನ ಕವಚ ತೊಟ್ಟ 200 ಆನೆಗಳು, ನೂರು ಕಹಳೆಯವರು, ನೂರು ನರ್ತಕರು; ಹಿಂದಿನಿಂದ ನೂರು ಮಂಗಗಳು! ವರ್ತಕನ ಈ ಲೆಕ್ಕದಲ್ಲಿ ಬೆರಗಿನ ಪಾಲೂ ಇದ್ದೀತು. ಆದರೆ ಆ ಬೆರಗಿನಲ್ಲಿ ಅವನ ಕಣ್ಣು ಮಂಕಾಗಲಿಲ್ಲ. ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುತ್ತಿರುವಾಗ ಹಳ್ಳಿಯ ಜನರು ಕಡುಬಡವರಾಗಿದ್ದಾರೆಂಬುದನ್ನೂ ಅವನು ಗುರುತಿಸಿದ. ಉತ್ಸವವನ್ನು ನೋಡಿಯೂ ಉತ್ಸವದ ಆಚೆಗಿನದನ್ನು ಕಾಣಬಲ್ಲವನೇ ನಿಜವಾದ ಪ್ರವಾಸಿ.

ಇಲ್ಲಿನ ಹಿಂದೂಗಳಿಗೆ ಅವನು ತಾನು ಕ್ರೈಸ್ತನೆಂದು ಮುಚ್ಚುಮರೆಯಿಲ್ಲದೆ ಹೇಳಿದ. ಅವರು ಪಂಕ್ತಿಯಲ್ಲಿ ಕೂರಿಸಿಕೊಳ್ಳಲಿಲ್ಲ. ಆದರೆ ತಮ್ಮ ಊಟವನ್ನಾಗಲಿ ಪೂಜೆಯನ್ನಾಗಲಿ ಅವನಿಂದ ಮರೆಮಾಡಲೂ ಇಲ್ಲ. ತುಪ್ಪ ಹಾಕಿದ ಕಿಚಡಿಯನ್ನೂ ಬಲಗೈಯಿಂದ ಉಣ್ಣುವ ರೀತಿಯನ್ನೂ ಅವನು ಬರೆದಿಟ್ಟ. ಶಿವರಾತ್ರಿಗೆ ಅವರೊಡನೆ ತಿಂಗಳ ಹಾದಿ ಸವೆಸಿ ಪರ್ವತಕ್ಕೆ, ಅಂದರೆ ನಮ್ಮ ಶ್ರೀಶೈಲಕ್ಕೆ, ಹೋದ. ಕರಿಕಲ್ಲಿನ ನಂದಿಯ ಪಾದಕ್ಕೆ ಭಕ್ತರು ಮುತ್ತಿಡುವುದನ್ನೂ ಹೂವು ಎರಚುವುದನ್ನೂ ಕಂಡ.

ಇಷ್ಟೆಲ್ಲದರ ನಡುವೆ ಅವನ ಒಳಗೊಂದು ಅಳಲಿತ್ತು. ಗ್ರಂಥಗಳಿಲ್ಲದೆ ತನ್ನ ಹಬ್ಬಗಳ ತಿಥಿಯೇ ತಪ್ಪಿಹೋಗಿತ್ತು. ಊಹೆಯಿಂದ ಈಸ್ಟರನ್ನು ಲೆಕ್ಕಹಾಕಿಕೊಂಡ. ಮುಸಲ್ಮಾನರ ಉಪವಾಸದ ಕಾಲದಲ್ಲಿ ತಾನೂ ಉಪವಾಸವಿದ್ದು ತನ್ನ ದೇವರನ್ನೇ ನೆನೆದ. ಸ್ವದೇಶಕ್ಕೆ ಮರಳುವಾಗ ಸ್ಮೋಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ. ಅವನ ಬರಹ ಮಾತ್ರ 1475ರಲ್ಲಿ ಮಾಸ್ಕೋ ಸೇರಿತು. 1957ರಲ್ಲಿ ಅವನ ಕಥೆ ‘ಪರದೇಸಿ’ ಎಂಬ ಚಲನಚಿತ್ರವೂ ಆಯಿತು.

ಬೀದರಿನಿಂದ ಭಾಲ್ಕಿಗೆ ಬಂದೆ. ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಕ್ಷೇತ್ರವಿದು. 1999ರಲ್ಲಿ ಅವರು ಲಿಂಗೈಕ್ಯರಾದರೂ ಆ ದೀಪ ಆರಿಲ್ಲ. ಕೊರಿಯಾದವರ ಕಥೆಯೂ ಬೇರೆಯಲ್ಲ. ಜನಸಾಮಾನ್ಯರೂ ಓದಲೆಂದು ಸೇಜೋಂಗ್ ದೊರೆ 1446ರಲ್ಲಿ ಪ್ರಕಟಿಸಿದ ಲಿಪಿ ಅವರದು. 1910ರಿಂದ 1945ರವರೆಗಿನ ಜಪಾನೀಯರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಹೊರದೂಡಲ್ಪಟ್ಟ ನುಡಿಯನ್ನು ಅವರು ಉಳಿಸಿಕೊಂಡರು. ನುಡಿಗಾಗಿ ನೋವುಂಡ ಜನ ಅನ್ಯರ ನೋವನ್ನೂ ಅರಿಯಬಲ್ಲರು.

ಭಾಲ್ಕಿಯಿಂದಲೇ ಔರಾದಿನ ತಾಯಿಗೆ ದೂರವಾಣಿ ಮಾಡಿದೆ. “ತಾಯಿ, ಅಲ್ಲಿ ಮನೆಮಂದಿ, ಕಚೇರಿಯ ಗೆಳೆಯರು ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಹಾಡುತ್ತಾರೆ; ಹಾಡುವುದು ದೋಷವಲ್ಲ. ಪಾನ್ಸೊರಿ ಎಂಬ ಅವರ ಹಳೆಯ ಹಾಡುಗಥೆಯಲ್ಲಿ ಹಾಡುವವರೊಬ್ಬರು, ಡೋಲಿನವರೊಬ್ಬರು. ಕೇಳುವವರು ನಡುನಡುವೆ ಭಲೆ ಎನ್ನುತ್ತಾರೆ, ನಮ್ಮ ಪುರಾಣದ ಹಾಗೆಯೇ. ಊಟದಲ್ಲಿ ಮಾತ್ರ ಎಚ್ಚರವಿರಲಿ. ಕಿಮ್ಚಿ ಎಂಬುದು ಎಲೆಕೋಸಿನದಾದರೂ ಅದರಲ್ಲಿ ಮೀನಿನ ರಸವೋ ಸೀಗಡಿಯೋ ಸೇರಿರುವುದುಂಟು, ಕೇಳಿಯೇ ಉಣ್ಣಲಿ. ಬೌದ್ಧ ಮಠಗಳ ಅಡುಗೆಯಲ್ಲಿ ಮಾಂಸವಿರುವುದಿಲ್ಲ. ಅವನಿಗೆ ಹೆದರಿಕೆಯ ಮಾತು ಹೇಳಬೇಡಿ. ಶಿವರಾತ್ರಿಯ ದಿನ ಯಾವುದೆಂದು ಮಾತ್ರ ಮರೆಯದೆ ತಿಳಿಸಿ.”

ಆ ಕಡೆ ಒಂದು ಗಳಿಗೆ ಮೌನ. ಅನಂತರ ತಾಯಿ ಕೇಳಿದರು: “ಆ ರಷ್ಯದವಗ ಯಾರೂ ಹಬ್ಬದ ದಿನ ಹೇಳಲಿಲ್ಲೇನ್ರಿ?”

ಅವನಿಗೆ ಹೇಳುವವರಿರಲಿಲ್ಲ. ನಮ್ಮ ಮಕ್ಕಳಿಗೆ ನಾವಿದ್ದೇವೆ. ದೂರದಲ್ಲಿರುವವರಿಗೆ ಹಬ್ಬದ ದಿನವನ್ನು ತಿಳಿಸುವುದು, ನಮ್ಮೂರಿಗೆ ಬಂದ ಪರದೇಶಿಗೆ ಮನೆಯ ಬಾಗಿಲು ತೆರೆಯುವುದು: ಇವೆರಡೂ ಒಂದೇ ಧರ್ಮದ ಎರಡು ಕೈಗಳು.