ಬೆಟ್ಟ ಇಳಿಯುವ ಮುನ್ನ

ದೇವರಾಯನದುರ್ಗದ ನೆತ್ತಿಯ ಮೇಲೆ ನಿಂತವರನ್ನು ಮೊದಲು ಮಾತನಾಡಿಸುವುದು ಗಾಳಿ. ಯೋಗಾನರಸಿಂಹಸ್ವಾಮಿಯ ಗುಡಿಗೆ ಮೆಟ್ಟಿಲೇರಿ ಬಂದ ಆಯಾಸವನ್ನೆಲ್ಲ ಅದು ಒಂದೇ ಗಳಿಗೆಯಲ್ಲಿ ಒರೆಸಿಹಾಕುತ್ತದೆ. ಕೆಳಗೆ ಕಾಡು ಹೊದ್ದ ಗುಡ್ಡಗಳು, ಗುಡ್ಡಗಳಾಚೆ ಕನ್ನಡಿಯ ಚೂರುಗಳಂತೆ ಹೊಳೆಯುವ ಕೆರೆಗಳು, ದೂರದಲ್ಲಿ ಶಿವಗಂಗೆಯ ಬಂಡೆ. ಸಮುದ್ರಮಟ್ಟದಿಂದ ಸುಮಾರು 3,940 ಅಡಿ ಎತ್ತರದ ಈ ತಾಣದಲ್ಲಿ ಮನುಷ್ಯನ ಮನಸ್ಸು ತಾನಾಗಿಯೇ ಉದಾರವಾಗುತ್ತದೆ. ಆಗ ಅನೇಕರ ಬಾಯಿಂದ ಹೊರಡುವ ಮಾತು ಒಂದೇ: "ಮುಂದಿನ ವರ್ಷವೂ ಬರಬೇಕು."

ಬರಬೇಕೆಂಬುದು ಆಸೆ. ಬಂದೇ ಬರುತ್ತೇವೆಂದು ಅಲ್ಲಿಯೇ ಹಣ ಕಟ್ಟಿ ರಸೀತಿ ಪಡೆಯುವುದು ಬೇರೆಯೇ ಮಾತು. ಒಂದು ಯಾತ್ರೆ ಮುಗಿಯುವ ಮೊದಲೇ ಮುಂದಿನ ಯಾತ್ರೆಯನ್ನು ಗೊತ್ತುಮಾಡಿಕೊಳ್ಳುವುದು ಜಾಣತನವೋ ದುಡುಕೋ? ಜಾತ್ರೆಯ ದಿನಗಳಲ್ಲಿ ಈ ಬೆಟ್ಟದ ಮೆಟ್ಟಿಲುಗಳ ಮೇಲೆ ಈ ಚರ್ಚೆ ನಡೆಯದ ಕುಟುಂಬ ಅಪರೂಪ.

ಫಾಲ್ಗುಣದ ರಥೋತ್ಸವಕ್ಕೆಂದು ಕುಣಿಗಲ್ ಕಡೆಯಿಂದ ಬಂದ ಒಂದು ಸಂಸಾರವನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಎಪ್ಪತ್ತು ದಾಟಿದ ಅಜ್ಜಿ, ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ, ಮೊಮ್ಮಕ್ಕಳು. ಹತ್ತು ಮೆಟ್ಟಿಲಿಗೊಮ್ಮೆ ಕುಳಿತು, ಮಂಡಿ ನೀವಿಕೊಂಡು, ಅಜ್ಜಿ ಮೇಲೆ ಬಂದಿದ್ದಾಳೆ. ದರ್ಶನವಾಗಿದೆ. ಕಣ್ಣೊರೆಸಿಕೊಂಡು ಹಿರಿಯ ಮಗನನ್ನು ಹತ್ತಿರ ಕರೆಯುತ್ತಾಳೆ.

"ಲೋ ಮಗ, ಬರೋ ವರ್ಷದ ಸೇವೆಗೂ ಈಗ್ಲೇ ದುಡ್ಡು ಕಟ್ಬಿಡೋ. ಇಳಕೊಳ್ಳಾಕೆ ಒಂದು ಕೋಣೇನೂ ಹೇಳ್ಬಿಡು. ಬೆಟ್ಟ ಇಳಿದ್ಮೇಲೆ ಯಾರು ನೆನೆಸ್ಕೊಳ್ತಾರೆ?"

ಹಿರಿಯ ಮಗ ಮಾತನಾಡುವುದಿಲ್ಲ. ತೆಂಗಿನ ತೋಟದ ಮೇಲೆ ಸಾಲವಿದೆ. ಮಗಳ ಕಾಲೇಜಿನ ಶುಲ್ಕ ಕಟ್ಟುವುದಿದೆ. ತಾಯಿಯ ಮಂಡಿ ಮುಂದಿನ ವರ್ಷ ಈ ಮೆಟ್ಟಿಲುಗಳನ್ನು ಒಪ್ಪೀತೆ ಎಂಬ ಶಂಕೆಯೂ ಇದೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಕಿರಿಯ ಮಗ ಅಣ್ಣನ ನೆರವಿಗೆ ಬರುತ್ತಾನೆ. ಅವನಿಗೊಂದು ಅನುಭವವುಂಟು. ಹಿಂದೊಮ್ಮೆ ಹೆಂಡತಿಯೊಡನೆ ಮುಂಬಯಿಯಿಂದ ಲಕ್ಷದ್ವೀಪದತ್ತ ವಿಹಾರದ ಹಡಗಿನಲ್ಲಿ ಹೋಗಿದ್ದ. ಇಳಿಯುವ ಹಿಂದಿನ ಸಂಜೆ, ಮುಂದಿನ ಪ್ರಯಾಣಕ್ಕೆ ಈಗಲೇ ಮುಂಗಡ ಕಟ್ಟಿದರೆ ದರದಲ್ಲಿ ರಿಯಾಯಿತಿ, ಬೇಕಾದ ಕೋಣೆ ಎಂದರು. ತಣ್ಣನೆಯ ಗಾಳಿ, ಕಡಲಂಚಿನಲ್ಲಿ ಮುಳುಗುವ ಸೂರ್ಯ; ಕಟ್ಟಿಬಿಟ್ಟ. ಮನೆಗೆ ಬಂದು ಕೆಲವೇ ವಾರಗಳಲ್ಲಿ ಹೆಂಡತಿ ಗರ್ಭಿಣಿಯೆಂದು ತಿಳಿಯಿತು. ಗೊತ್ತಾದ ದಿನಕ್ಕೆ ಹೋಗಲಾಗಲಿಲ್ಲ. ಹಣ ಹಿಂದಿರುಗಿಸುವುದಿಲ್ಲವೆಂದು ಕರಾರಿನಲ್ಲಿ ಮೊದಲೇ ಇತ್ತು. ಓದದೆ ರುಜು ಹಾಕಿದ್ದ.

"ಅವರದೇನೂ ತಪ್ಪಿಲ್ಲಮ್ಮ," ಎನ್ನುತ್ತಾನೆ. "ಹಡಗಿನ ಮೇಲಿದ್ದಾಗ ನನಗೆ ಮನೆ ನೆನಪಾಗ್ಲಿಲ್ಲ, ಅಷ್ಟೆ."

ಈ ಮಾತಿನಲ್ಲಿ ಅರ್ಥವಿದೆ. ಆದರೆ ಮುಂಗಡದ ಪರವಾಗಿಯೂ ಹೇಳಬೇಕಾದದ್ದು ಕಡಮೆಯಿಲ್ಲ. ಹೋಗುವ, ಬರುವ ಟಿಕೆಟುಗಳನ್ನು ಒಟ್ಟಿಗೆ ಕಾದಿರಿಸಿದರೆ ರಾಜ್ಯ ರಸ್ತೆ ಸಾರಿಗೆಯ ಬಸ್ಸಿನಲ್ಲೂ ಹಿಂದಿರುಗುವ ದರದಲ್ಲಿ ರಿಯಾಯಿತಿ ದೊರೆಯುವುದುಂಟು. ರೈಲಿನಲ್ಲಿ 120 ದಿನ ಮೊದಲೇ ಸ್ಥಳ ಕಾದಿರಿಸುವ ಅವಕಾಶವಿತ್ತು; 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. ಹಬ್ಬದ ದಿನಗಳಲ್ಲಿ ತಡಮಾಡಿದವರಿಗೆ ನಿಲ್ಲಲೂ ಜಾಗವಿಲ್ಲ. ದಕ್ಷಿಣ ಕನ್ನಡದ ಕಟೀಲಿನಲ್ಲಿ ಯಕ್ಷಗಾನದ ಹರಕೆ ಆಟ ಆಡಿಸಬೇಕೆನ್ನುವವರು ಅನೇಕ ವರ್ಷಗಳ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ಬರೆಸದವರಿಗೆ ಸರದಿಯೇ ಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಅಜ್ಜಿಯ ಮಾತೂ ನಿಜ. ಬೆಟ್ಟ ಇಳಿದ ಮೇಲೆ ಹಾಲು, ಗೊಬ್ಬರ, ಕೂಲಿ, ಮದುವೆ, ಮುಂಜಿಗಳ ನಡುವೆ ಮತ್ತೆ ಬರಬೇಕೆಂಬ ಮಾತು ಕರಗಿಹೋಗುತ್ತದೆ.

ಇನ್ನೊಂದು ವಿಚಾರವನ್ನು ಯಾತ್ರಿಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಂದು ಸ್ಥಳವನ್ನು ಒಂದು ಋತುವಿನಲ್ಲಿ ಕಂಡವರು ಕಂಡದ್ದು ಆ ಋತುವನ್ನು ಮಾತ್ರ. ಜಾತ್ರೆಯ ಹೊತ್ತಿಗೆ ದುರ್ಗದ ಕಾಡು ಎಲೆ ಉದುರಿಸಿ ಬೋಳಾಗಿರುತ್ತದೆ. ಒಂದು ಕಿಡಿ ಬಿದ್ದರೂ ಹುಲ್ಲು ಹೊತ್ತಿಕೊಳ್ಳುವ ಕಾಲವದು. ಅದೇ ಬೆಟ್ಟ ಶ್ರಾವಣದಲ್ಲಿ ಮೋಡದೊಳಗೆ ಅಡಗಿ ಕುಳಿತಿರುತ್ತದೆ. ಮಳೆ ಕಳೆದ ಮೇಲೆ ಬಂಡೆಗಳ ಸಂದಿನಲ್ಲಿ ನೀರಿನ ಸದ್ದು, ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರದ ಕೂಗು. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಬಡಗಣ ದಿಕ್ಕಿಗೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಲ್ಲಿಂದಲೇ ಹೊರಡುವ ಶಿಂಷಾ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಮುಂದೆ ಕಾವೇರಿಯಲ್ಲಿ ಬೆರೆಯುತ್ತದೆ. ಹೀಗೆ ವರ್ಷಕ್ಕೆ ನಾಲ್ಕು ರೂಪ ತಾಳುವ ಬೆಟ್ಟಕ್ಕೆ ಮತ್ತೆ ಯಾವಾಗ ಬರಬೇಕೆಂಬುದನ್ನು ಮಧ್ಯಾಹ್ನದ ಒಂದು ಗಳಿಗೆಯಲ್ಲಿ ತೀರ್ಮಾನಿಸುವುದು ಹೇಗೆ?

ಬೆಟ್ಟದ ಹೆಸರಿಗೂ ಇಂಥದೇ ಕಥೆಯಿದೆ. ಒಮ್ಮೆ ಕರಿಗಿರಿ, ಒಮ್ಮೆ ಆನೆಬಿದ್ದಸರಿ. ಜಡಕನೆಂಬ ಪಾಳೆಯಗಾರನ ಕಾಲದಲ್ಲಿ ಜಡಕನದುರ್ಗ. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಗೆದ್ದ ಮೇಲೆ ದೇವರಾಯನದುರ್ಗವಾಯಿತು. ತನ್ನದೆಂದು ಭಾವಿಸಿದವರೆಲ್ಲ ಬಂದು ಹೋದರು. ಬೆಟ್ಟ ಯಾರಿಗೂ ಮುಂಗಡದ ರಸೀತಿ ಕೊಟ್ಟಿಲ್ಲ.

ಮತ್ತೆ ಮೆಟ್ಟಿಲುಗಳತ್ತ ಬರೋಣ. ತಾಯಿ ಮಕ್ಕಳ ನಡುವೆ ಮೌನ ಬೆಳೆದಾಗ ಮಾತನಾಡುವವಳು ಸೊಸೆ.

"ಅತ್ತೆ, ಯುಗಾದಿಗೆ ಇನ್ನೂ ದಿನ ಇದೆ. ಹೊಸ ಪಂಚಾಂಗ ಬಂದ ಮೇಲಲ್ವೆ ಬರೋ ವರ್ಷದ ತೇರು ಯಾವತ್ತು ಬೀಳುತ್ತೆ ಅಂತ ಗೊತ್ತಾಗೋದು? ಈಗ ನೀವು ಒಂದು ಮುಡಿಪು ಕಟ್ಟಿ. ಕೋಣೆ, ಸೇವೆ ಎಲ್ಲ ಆಮೇಲೆ ನೋಡ್ಕೊಳ್ಳೋಣ."

ಚಾಂದ್ರಮಾನದ ಲೆಕ್ಕದಲ್ಲಿ ಬರುವ ಉತ್ಸವ ಇಂಗ್ಲಿಷ್ ತಿಂಗಳಿನ ಒಂದೇ ತಾರೀಕಿಗೆ ನಿಲ್ಲುವುದಿಲ್ಲ. ಅಧಿಕಮಾಸ ಬಂದ ವರ್ಷವಂತೂ ಹಲವು ವಾರ ಸರಿಯುತ್ತದೆ. ಅಂದಾಜಿನ ಮೇಲೆ ಕೋಣೆ ಹಿಡಿದವನಿಗೆ ತೇರಿಲ್ಲದ ಬೀದಿ ಕಾಣುವ ಭಾಗ್ಯ ಬರಬಹುದು.

ಮುಡಿಪಿನ ಕಟ್ಟಳೆಯಾದರೋ ಸರಳವಾದದ್ದು. ಅರಿಸಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯವಿಟ್ಟು, ಸಂಕಲ್ಪ ಹೇಳಿ ಗಂಟು ಹಾಕಿ, ದೇವರ ಗೂಡಿನಲ್ಲಿಡುವುದು. ಕೈಗೆ ಬಂದಾಗ ಅದಕ್ಕೆ ಇನ್ನಷ್ಟು ಸೇರಿಸುವುದು. ಹೋಗುವ ಅನುಕೂಲ ಒದಗಿದ ದಿನ ಅದನ್ನು ಒಯ್ದು ಹುಂಡಿಗೆ ಒಪ್ಪಿಸುವುದು. ತಾನು ಹೋಗಲಾರದಿದ್ದರೆ ಮಗನೋ ಮೊಮ್ಮಗಳೋ ಒಯ್ದರೂ ಸಲ್ಲುತ್ತದೆ. ಹಡಗಿನ ಮುಂಗಡ ದಿನವನ್ನು ಹಿಡಿಯುತ್ತದೆ; ಮುಡಿಪು ಮನಸ್ಸನ್ನು ಹಿಡಿಯುತ್ತದೆ. ಉಲ್ಲಾಸದ ಗಳಿಗೆಯಲ್ಲಿ ಕೊಡಬೇಕಾದ ಮಾತು ಇಷ್ಟೇ. ಉಳಿದದ್ದನ್ನು ಮನೆಯ ಜಗಲಿಯ ಮೇಲೆ, ಪಂಚಾಂಗವನ್ನೂ ಲೆಕ್ಕದ ಪುಸ್ತಕವನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸುವುದು ಲೇಸು. ರಸೀತಿ ಪಡೆಯಲೇಬೇಕೆಂಬ ಹಟವಿದ್ದರೆ, ಹಣ ಹಿಂದಿರುಗುವುದೇ, ದಿನ ಬದಲಿಸಬಹುದೇ ಎಂಬೆರಡು ಪ್ರಶ್ನೆಗಳನ್ನು ಕೇಳದೆ ಕೈ ಜೇಬಿಗೆ ಹೋಗಬಾರದು.

ಅಜ್ಜಿ ಸೊಸೆಯ ಮುಖವನ್ನು ಒಂದು ಗಳಿಗೆ ನೋಡುತ್ತಾಳೆ. ಬಳಿಕ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ರೂಪಾಯಿಯ ನಾಣ್ಯ ತೆಗೆದು, ಗರ್ಭಗುಡಿಯತ್ತ ತಿರುಗಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಮತ್ತೆ ಅದನ್ನು ಸೊಸೆಯ ಅಂಗೈಯಲ್ಲಿಡುತ್ತಾಳೆ.

"ನೀನೇ ಕಟ್ಟಿಡವ್ವ. ನಾನು ಬಂದ್ರೆ ನಾನೇ ಹಾಕ್ತೀನಿ. ಬರ್ದಿದ್ರೆ ನೀನು ಮರೀಬ್ಯಾಡ."

ಹಿರಿಯ ಮಗ ಮುಖ ತಿರುಗಿಸಿ ದೂರದ ಕೆರೆಯನ್ನು ನೋಡುತ್ತ ನಿಲ್ಲುತ್ತಾನೆ.

ಇಳಿಯುವ ದಾರಿಯಲ್ಲಿ ಎಲ್ಲರೂ ನಾಮದ ಚಿಲುಮೆಯ ಬಳಿ ನಿಲ್ಲುತ್ತಾರೆ. ವನವಾಸದಲ್ಲಿದ್ದ ಶ್ರೀರಾಮನು ಹಣೆಗೆ ನಾಮವಿಡಲು ನೀರು ಬೇಕಾಗಿ ಬಂಡೆಗೆ ಬಾಣ ಹೊಡೆದಾಗ ಈ ಒರತೆ ಚಿಮ್ಮಿತೆಂದು ಐತಿಹ್ಯ. ಮೊಮ್ಮಕ್ಕಳು ಎದುರಿನ ಜಿಂಕೆಗಳನ್ನು ನೋಡಲು ಓಡುತ್ತಾರೆ. ಅಜ್ಜಿ ಬೊಗಸೆಯೊಡ್ಡಿ ನೀರು ಕುಡಿಯುತ್ತಾಳೆ. ಮುಂದೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಯಾಗುತ್ತದೆ. ಅಲ್ಲಿಂದ ತುಮಕೂರು, ಕುಣಿಗಲ್, ಮನೆ.

ಆ ರಾತ್ರಿ ದೇವರ ಗೂಡಿನಲ್ಲಿ ಹಳದಿ ಬಟ್ಟೆಯ ಪುಟ್ಟ ಗಂಟೊಂದು ಬಂದು ಕೂರುತ್ತದೆ. ಅದರ ಮೇಲೆ ತಾರೀಕು ಬರೆದಿರುವುದಿಲ್ಲ. ಆದರೆ ದಿನವೂ ದೀಪ ಹಚ್ಚುವ ಕೈಗೆ ಅದು ತಗಲುತ್ತಲೇ ಇರುತ್ತದೆ.